ಸ್ಕೆನೆಕ್ಟಡಿಯಿಂದ ಆಸ್ವೀಗೋ ತನಕ: ಈರಿ ಕಾಲುವೆಗಿಂತ ಹಳೇ ನೀರುದಾರಿ, ಒಂದು ಪುಟ್ಟ ಹಾಯಿದೋಣಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿರೋ ಈರಿ ಕಾಲುವೆಗೆ 2025ರ ಅಕ್ಟೋಬರ್‌ನಲ್ಲಿ ಸರಿಯಾಗಿ 200 ವರ್ಷ ತುಂಬ್ತು. ಆ ನೆಪದಲ್ಲಿ ಕಾಲುವೆ ಹೆಸರು ಕೇಳಿದವರು ಜಾಸ್ತಿ ಆದ್ರು, ಜೊತೆಗೆ ಒಂದು ಪ್ರಶ್ನೇನೂ ಶುರುವಾಯ್ತು: ಹಳೇ ಕಾಲದವರು ಹೋದ ದಾರೀಲೇ ನಾವೂ ಒಂದು ಸಣ್ಣ ಹಾಯಿದೋಣಿ ತಗೊಂಡು ಹೋಗ್ಬಹುದಾ? ಹೋಗ್ಬಹುದು. ಆದ್ರೆ ಅದಕ್ಕೂ ಮುಂಚೆ "ಹಳೇ ದಾರಿ" ಅಂದ್ರೆ ಯಾವುದು ಅಂತ ತಿಳ್ಕೋಬೇಕು, ಯಾಕಂದ್ರೆ ಅಲ್ಲಿ ಒಂದರ ಪಕ್ಕ ಒಂದು ಎರಡು ಹಳೇ ದಾರಿಗಳಿವೆ. ಒಂದು 1825ರ ಪ್ರಸಿದ್ಧ ಕಾಲುವೆ. ಇನ್ನೊಂದು ಅದಕ್ಕಿಂತ ಎಷ್ಟೋ ಹಿಂದಿಂದ ಇದ್ದ ನದಿ-ಸರೋವರದ ದಾರಿ. ಇವತ್ತು ದೋಣಿಗಳು ಓಡಾಡೋ ಕಾಲುವೆ ಬಹುಪಾಲು ಹಿಡಿದಿರೋದು ಈ ಎರಡನೇ ದಾರೀನೇ. ಇದು ಯಾಕೆ ಹೀಗಾಯ್ತು, ಅಲ್ಲಿ ಪುಟ್ಟ ಹಾಯಿದೋಣಿ ಹೇಗೆ ಸಾಗುತ್ತೆ ಅನ್ನೋದನ್ನ ಬುಡದಿಂದ ನೋಡೋಣ.

ಅಲ್ಲೊಂದು ದಾರಿ ಇರೋದಾದ್ರೂ ಯಾಕೆ

ಅಮೆರಿಕದ ಪೂರ್ವ ಕರಾವಳಿಯಿಂದ ಒಳನಾಡಿಗೆ ಹೋಗೋಕೆ ಹೊರಟ್ರೆ ಅಪಲಾಚಿಯನ್ ಬೆಟ್ಟಸಾಲು ಅಡ್ಡ ಬರುತ್ತೆ, ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೂ ಮಲಗಿರೋ ಸಾಲು ಅದು. ಅದರಲ್ಲಿ ತಗ್ಗಾದ ಸಂದು ಸಿಗೋದು ತುಂಬಾ ಕಮ್ಮಿ, ಆ ಕೆಲವೇ ಸಂದುಗಳಲ್ಲಿ ಒಂದು ಮೋಹಾಕ್ ನದಿಯ ಕಣಿವೆ. ಹಿಮಯುಗ ಮುಗಿಯೋ ಹೊತ್ತಲ್ಲಿ ಈಗಿನ ಒಂಟಾರಿಯೋ ಸರೋವರದ ಜಾಗದಲ್ಲಿ ಅದಕ್ಕಿಂತ ದೊಡ್ಡದಾದ ಇರೊಕ್ವಾ ಅನ್ನೋ ಸರೋವರ ಇತ್ತು. ಉತ್ತರಕ್ಕೆ ನೀರು ಹರಿದು ಹೋಗೋ ಜಾಗವನ್ನ ಮಂಜುಗಡ್ಡೆ ಮುಚ್ಚಿಬಿಟ್ಟಿತ್ತು, ಹಾಗಾಗಿ ಅಷ್ಟೂ ನೀರು ಮೋಹಾಕ್ ಕಣಿವೆ ಮೂಲಕವೇ ನುಗ್ಗಿ ಹಡ್ಸನ್ ನದಿ ಕಡೆಗೆ ಹೋಯ್ತು, ಹೋಗ್ತಾ ಹೋಗ್ತಾ ಕಣಿವೆಯನ್ನ ಕೊರೆದು ಅಗಲ ಮಾಡ್ತು. ಲಿಟ್ಲ್ ಫಾಲ್ಸ್ ಊರಿನ ಪಕ್ಕ ಮಾಸ್ ಐಲ್ಯಾಂಡ್ ಅಂತ ಒಂದು ಬಂಡೆದ್ವೀಪ ಇದೆ, ಆ ನೀರಿನ ಸುಳಿ ಕಲ್ಲನ್ನ ತಿರುಗಿಸಿ ತಿರುಗಿಸಿ ಕೊರೆದ ಬಾವಿಯಂಥ ಗುಂಡಿಗಳನ್ನ ಅಲ್ಲಿ ಈಗಲೂ ನೋಡ್ಬಹುದು, ಒಳಗೆ ಆಳು ನಿಲ್ಲೋವಷ್ಟು ಆಳದವೂ ಇವೆ.

ಈಗಿನ ಮೋಹಾಕ್ ಪೂರ್ವಕ್ಕೆ ಹರಿದು ಹಡ್ಸನ್ ಸೇರಿ ಅಟ್ಲಾಂಟಿಕ್‌ಗೆ ಹೋಗುತ್ತೆ. ಅದರ ಮೇಲ್ಭಾಗದಲ್ಲಿ ರೋಮ್ ಅನ್ನೋ ಊರಿದೆ (ಇಟಲಿಯದ್ದಲ್ಲ, ನ್ಯೂಯಾರ್ಕ್‌ನದ್ದು). ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ವುಡ್ ಕ್ರೀಕ್ ಅನ್ನೋ ತೊರೆ ಇದೆ, ಅದು ಉಲ್ಟಾ ದಿಕ್ಕಿಗೆ ಹರಿದು ಒನೈಡಾ ಸರೋವರಕ್ಕೆ, ಅಲ್ಲಿಂದ ಒನೈಡಾ ನದಿ, ಆಸ್ವೀಗೋ ನದಿ ಹಿಡಿದು ಒಂಟಾರಿಯೋ ಸರೋವರಕ್ಕೆ ಸೇರುತ್ತೆ. ಹಂಚಿನ ಮನೆ ಮಾಡಿನ ನೆತ್ತಿ ಇರುತ್ತಲ್ಲ, ಮಳೆ ಬಿದ್ರೆ ಅರ್ಧ ನೀರು ಮುಂದಿನ ಅಂಗಳಕ್ಕೆ ಅರ್ಧ ಹಿತ್ತಲಿಗೆ, ಹಾಗೆ ಈ ರೋಮ್. ಆದ್ರೆ ಈ ನೆತ್ತಿ ಬಹಳ ತಗ್ಗು, ಸಮುದ್ರಮಟ್ಟದಿಂದ ಬರೀ 128 ಮೀಟರ್, ಬೆಟ್ಟ ಅಂತ ಅನ್ನಿಸೋದೇ ಇಲ್ಲ. ಎರಡೂ ಕಡೆಯ ನೀರಿನ ನಡುವೆ ಇರೋದು ಕೆಲವೇ ಕಿಲೋಮೀಟರ್ ಚಪ್ಪಟೆ ನೆಲ. ಈ ಸಣ್ಣ ತುಂಡು ನೆಲದ ಮೇಲೆ ಅಧಿಕಾರ ಯಾರದ್ದು ಅಂತ ಒಂದಿಡೀ ಶತಮಾನ ಜಗಳ ನಡೀತು. ಬ್ರಿಟಿಷರು 1758ರಲ್ಲಿ ಅಲ್ಲಿ ಸ್ಟ್ಯಾನ್ವಿಕ್ಸ್ ಕೋಟೆ ಕಟ್ಟಿದ್ರು, 1777ರಲ್ಲಿ ಅದೇ ಕೋಟೆಗೆ ಬ್ರಿಟಿಷರೇ ಮುತ್ತಿಗೆ ಹಾಕಿದ್ರು, ಅಷ್ಟೊತ್ತಿಗೆ ಅದು ಸ್ವಾತಂತ್ರ್ಯಕ್ಕೆ ಹೋರಾಡ್ತಿದ್ದ ಅಮೆರಿಕನ್ನರ ಕೈಲಿತ್ತು.

ಕಾಲುವೆಗೂ ಮುಂಚೆ ದೋಣಿ ಹೇಗೆ ಹೋಗ್ತಿತ್ತು

ಈ ದಾರಿಯನ್ನ ಮೊದಲು ಬಳಸಿದವರು ಅಲ್ಲಿನ ಮೂಲ ಜನ, ಮೋಹಾಕ್ ಮತ್ತು ಒನೈಡಾ ಸಮುದಾಯದವರು. ರೋಮ್ ಹತ್ತಿರದ ಆ ಚಪ್ಪಟೆ ನೆಲದಲ್ಲಿ ಅವರು ದೋಣಿಯನ್ನ ನೀರಿಂದ ಎತ್ತಿ ಹೊತ್ಕೊಂಡು ಆಚೆ ನೀರಿಗೆ ಇಳಿಸ್ತಿದ್ರು. ನೀರು ತುಂಬಿದ ಕಾಲದಲ್ಲಿ ಹೊರೋ ದೂರ ಒಂದೆರಡು ಕಿಲೋಮೀಟರ್, ಬೇಸಿಗೇಲಿ ತೊರೆ ಒಣಗಿದ್ರೆ ಆರೇಳು ಕಿಲೋಮೀಟರ್. ಆ ನೆಲ ಒನೈಡಾದವರದ್ದು, 1788ರಿಂದ ಮುಂದೆ ನ್ಯೂಯಾರ್ಕ್ ರಾಜ್ಯ ಮಾಡ್ಕೊಂಡ ಒಪ್ಪಂದಗಳಲ್ಲಿ ಅವರ ಭೂಮಿ ಬಹುಪಾಲು ಕೈಬಿಟ್ಟು ಹೋಯ್ತು. ಈ ದಾರೀಲಿ ಸಾಗೋವಾಗ ಅದು ನೆನಪಿರಬೇಕು, ನೀರಿನ ನಕ್ಷೆಯಷ್ಟೇ ಇದೂ ಮುಖ್ಯ.

ಯುರೋಪಿನವರು ಬಂದ ಮೇಲೆ ಸರಕು ಸಾಗಿಸೋಕೆ ಬ್ಯಾಟೋ ಅನ್ನೋ ದೋಣಿ ಬಂತು. ತಳ ಚಪ್ಪಟೆ, ಎರಡೂ ತುದಿ ಚೂಪು, ಹಲಗೆ ಹೊಡೆದು ಕಟ್ಟಿದ್ದು, ಸುಮಾರು ಒಂದೂವರೆ ಟನ್ ಹೊರೋದು. ಅದನ್ನ ನಡೆಸೋಕೆ ಒಂದೇ ವಿಧಾನ ಅಂತ ಇರಲಿಲ್ಲ, ಇದನ್ನ ಗಮನಿಸಿ, ಮುಂದೆ ಡಿಂಗಿ, ಅಂದ್ರೆ ನಮ್ಮ ಪುಟ್ಟ ಹಾಯಿದೋಣಿ ವಿಷಯಕ್ಕೆ ಬಂದಾಗ ಬೇಕಾಗುತ್ತೆ. ಗಾಳಿ ಹಿಂದಿನಿಂದ ಬಂದ್ರೆ ಹಾಯಿ ಏರಿಸೋರು, ಗಾಳಿ ಸತ್ರೆ ಹುಟ್ಟು ಹಾಕೋರು, ನೀರು ಆಳ ಇಲ್ಲದ ಕಡೆ ಉದ್ದ ಗಳು ಊರಿ ದೂಡೋರು, ಅದೂ ಆಗದಿದ್ರೆ ನೀರಿಗಿಳಿದು ಹಗ್ಗ ಹಿಡಿದು ಎಳೆಯೋರು.

ಪ್ರಯಾಣ ಶುರು ಆಗ್ತಿದ್ದಿದ್ದು ಮೋಹಾಕ್ ದಡದ ಸ್ಕೆನೆಕ್ಟಡಿ ಊರಿಂದ. ಹಡ್ಸನ್ ದಡದ ಆಲ್ಬನಿಯಿಂದಲೇ ಯಾಕೆ ಹೊರಡ್ತಿರಲಿಲ್ಲ ಅಂದ್ರೆ ಮೋಹಾಕ್ ನದಿ ಹಡ್ಸನ್ ಸೇರೋ ಜಾಗದ ಹತ್ರಾನೇ ಕೊಹೋಸ್ ಅನ್ನೋ ದೊಡ್ಡ ಜಲಪಾತ ಇದೆ, ದೋಣಿ ಹತ್ತೋ ಮಾತೇ ಇಲ್ಲ. ಅದಕ್ಕೇ ಆಲ್ಬನಿಯಿಂದ ಸ್ಕೆನೆಕ್ಟಡಿವರೆಗೆ ಸುಮಾರು 25 ಕಿ.ಮೀ. ಗಾಡಿ ಮೇಲೆ ಸರಕು ತಂದು ಅಲ್ಲಿ ದೋಣಿಗೆ ತುಂಬೋರು. ಆಮೇಲೆ ಲಿಟ್ಲ್ ಫಾಲ್ಸ್‌ನಲ್ಲಿ ನದಿ ಸುಮಾರು 12 ಮೀಟರ್ ರಭಸವಾಗಿ ಇಳಿಯುತ್ತೆ, ಅಲ್ಲಿ ದೋಣಿಯನ್ನೂ ಗಾಡಿ ಮೇಲೆ ಹಾಕ್ಕೊಂಡು ಸುತ್ತಿ ಹೋಗ್ಬೇಕಿತ್ತು. ರೋಮ್‌ನಲ್ಲಿ ಮತ್ತೊಮ್ಮೆ ಹೊರೋದು. ವುಡ್ ಕ್ರೀಕ್ ಅಂತೂ ಹಾವಿನ ಥರ ಸುತ್ತೋ ತೊರೆ, ಮರಗಳು ಅಡ್ಡ ಬಿದ್ದಿರೋವು, ನೀರು ಸಾಲದಿದ್ರೆ ಮೇಲಿನ ಗಿರಣಿ ಕಟ್ಟೆಯ ನೀರು ಬಿಡೋವರೆಗೆ ಕಾದು ಆ ನೀರಿನ ಜೊತೆ ತೇಲ್ಕೊಂಡು ಹೋಗೋರು.

1792ರಲ್ಲಿ ವೆಸ್ಟರ್ನ್ ಇನ್‌ಲ್ಯಾಂಡ್ ಲಾಕ್ ನ್ಯಾವಿಗೇಶನ್ ಕಂಪನಿ ಅಂತ ಒಂದು ಶುರುವಾಯ್ತು, ಅಧ್ಯಕ್ಷ ಫಿಲಿಪ್ ಸ್ಕೈಲರ್. ಇಡೀ ದಾರಿಗೆ ಹೊಸ ಕಾಲುವೆ ತೋಡೋ ಯೋಚನೆ ಅವರಿಗೆ ಇರಲಿಲ್ಲ, ದೋಣಿ ಎತ್ತಬೇಕಾದ ಜಾಗಗಳಲ್ಲಿ ಮಾತ್ರ ಸಣ್ಣ ಕಾಲುವೆ ಮಾಡೋದು ಅಂತ ಹೊರಟ್ರು. ಲಿಟ್ಲ್ ಫಾಲ್ಸ್ ಕಾಲುವೆ 1795ರಲ್ಲಿ ತೆರೀತು, ರೋಮ್‌ನ ಕಾಲುವೆ 1797ರಲ್ಲಿ. ಇದರಿಂದ ಆದ ಬದಲಾವಣೆ ಏನಂದ್ರೆ ಗಾಡಿ ಮೇಲೆ ಎತ್ತೋ ಕಷ್ಟ ತಪ್ಪಿದ್ದಕ್ಕೆ ದೋಣಿ ಗಾತ್ರಾನೇ ದೊಡ್ಡದಾಯ್ತು, ಹತ್ತು ಟನ್‌ಗೂ ಮೇಲೆ ಹೊರೋ ಡರ್ಹಮ್ ದೋಣಿಗಳು ಬಂದ್ವು.

1825ರ ಕಾಲುವೆ ಸರೋವರ ಬಿಟ್ಟು ಹೋಗಿದ್ದು, 1918ರದ್ದು ವಾಪಸ್ ಬಂದಿದ್ದು

ಈರಿ ಕಾಲುವೆ ಕೆಲಸ 1817ರಲ್ಲಿ ಶುರುವಾಗಿ 1825ರಲ್ಲಿ ಮುಗೀತು. 363 ಮೈಲಿ, ಅಂದ್ರೆ ಸುಮಾರು 584 ಕಿ.ಮೀ. ಉದ್ದ, 40 ಅಡಿ ಅಗಲ, ಆಳ ಬರೀ 4 ಅಡಿ, 83 ಲಾಕ್‌ಗಳು (ದೋಣಿಯನ್ನ ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸೋ ತೊಟ್ಟಿಗಳು). ಕಾಲುವೆಯ ಪಶ್ಚಿಮ ತುದಿಯ ಬಫಲೋದಿಂದ ನ್ಯೂಯಾರ್ಕ್ ನಗರಕ್ಕೆ ಒಂದು ಟನ್ ಸರಕು ಸಾಗಿಸೋ ಖರ್ಚು ಸುಮಾರು 100 ಡಾಲರ್ ಇದ್ದಿದ್ದು 10 ಡಾಲರ್ ಆಸುಪಾಸಿಗೆ ಇಳೀತು. ನ್ಯೂಯಾರ್ಕ್ ನಗರ ಅಷ್ಟು ದೊಡ್ಡದಾಗೋಕೆ ಇದೂ ಒಂದು ಕಾರಣ.

ಆ ಕಾಲುವೆ ಒನೈಡಾ ಸರೋವರದ ಹತ್ರಾನೇ ಹೋದ್ರೂ ಅದರೊಳಗೆ ಇಳೀಲಿಲ್ಲ, ದಕ್ಷಿಣಕ್ಕೆ ದೂರದಲ್ಲಿ ನೆಲ ಅಗೆದು ಸಾಗ್ತು. ಮೋಹಾಕ್ ನದಿ ಪಕ್ಕದಲ್ಲೇ ಹರೀತಿದ್ರೂ ನದಿಗೆ ಇಳಿಯದೆ ದಡದಲ್ಲಿ ಬೇರೆ ತೋಡಿದ್ರು. ಯಾಕೆ? ಆ ದೋಣಿಗಳನ್ನ ಎಳೀತಿದ್ದಿದ್ದು ಹೇಸರಗತ್ತೆಗಳು, ಕುದುರೆಗಳು. ಪ್ರಾಣಿ ನಡೆಯೋಕೆ ಪಕ್ಕದಲ್ಲಿ ಸಮ ದಾರಿ ಬೇಕು, ಸರೋವರದ ನಡುವೆ ಹೇಸರಗತ್ತೆ ಎಲ್ಲಿ ನಡೆಯುತ್ತೆ? ನದಿಯಲ್ಲಿ ಪ್ರವಾಹ ಬಂದ್ರೂ ಕಷ್ಟ. ಹಾಗಾಗಿ ನಿಂತ ನೀರು, ಪಕ್ಕದಲ್ಲಿ ಕಾಲುದಾರಿ, ಇದೇ ಆ ಕಾಲಕ್ಕೆ ಸರಿಯಾದ ಲೆಕ್ಕ.

1918ರ ಹೊತ್ತಿಗೆ ದೋಣಿಗೆ ಎಂಜಿನ್ ಬಂದಿತ್ತು, ಎಳೆಯೋ ಪ್ರಾಣಿ ಬೇಡವಾಯ್ತು. ಆ ವರ್ಷ ತೆರೆದ ಬಾರ್ಜ್ ಕಾಲುವೆಯನ್ನ ಕಟ್ಟಿದವರು ಮತ್ತೆ ಮೋಹಾಕ್ ನದಿಗೇ ಇಳಿದ್ರು, ನದಿಗೆ ಅಡ್ಡಗಟ್ಟೆ ಹಾಕಿ ನೀರು ನಿಲ್ಲಿಸಿದ್ರು, ಒನೈಡಾ ಸರೋವರದ ಮಧ್ಯದಲ್ಲೇ ದಾರಿ ಹಾಕಿದ್ರು. ಅಂದ್ರೆ ಬ್ಯಾಟೋಗಳು ಹೋಗ್ತಿದ್ದ ದಾರಿ ಮತ್ತೆ ಜೀವ ಪಡೀತು. 1825ರ ಕಾಲುವೆಯ ತುಂಡುಗಳು ಈಗ ಪಾರ್ಕುಗಳಾಗಿವೆ, ಸಿರಕ್ಯೂಸ್ ಹತ್ತಿರದ ಡೆವಿಟ್‌ನಿಂದ ರೋಮ್‌ವರೆಗೆ 36 ಮೈಲಿ ಹಳೇ ಕಾಲುವೆ ದಡದಲ್ಲಿ ಜನ ಸೈಕಲ್ ಹೊಡೀತಾರೆ. ಅದನ್ನ ನೋಡೋಕೆ ಕಾಲು ಸಾಕು. ಹಾಯಿದೋಣಿ ತಗೊಂಡು ಹೋಗ್ತೀನಿ ಅನ್ನೋರಿಗೆ ಸಿಗೋದು ಅದಕ್ಕಿಂತ ಹಳೇ ದಾರಿ, ಸ್ಕೆನೆಕ್ಟಡಿಯಿಂದ ಒಂಟಾರಿಯೋ ದಡದ ಆಸ್ವೀಗೋವರೆಗೆ ಹೆಚ್ಚುಕಮ್ಮಿ 260 ಕಿ.ಮೀ., 23 ಲಾಕ್.

ಡಿಂಗಿ ಅಂದ್ರೇನು, ಅದೇ ಯಾಕೆ

ಡಿಂಗಿ ಅಂದ್ರೆ ಮೂರರಿಂದ ನಾಲ್ಕೂವರೆ ಮೀಟರ್ ಉದ್ದದ ತೆರೆದ ದೋಣಿ, ಮಲಗೋ ಕೋಣೆ ಇಲ್ಲ, ಮೇಲೆ ಹೊದಿಕೆ ಇಲ್ಲ. ಒಂದು ಮಾಸ್ಟ್, ಅಂದ್ರೆ ಹಾಯಿಕಂಬ, ಒಂದೋ ಎರಡೋ ಹಾಯಿ, ಹಿಂದೆ ಚುಕ್ಕಾಣಿ, ನಡುವೆ ತಳದಿಂದ ನೀರಿಗೆ ಇಳಿಯೋ ಒಂದು ಹಲಗೆ. ಈ ಹಲಗೆಗೆ ಸೆಂಟರ್‌ಬೋರ್ಡ್ ಅಂತಾರೆ, ಕೆಲವು ದೋಣಿಗಳಲ್ಲಿ ಡ್ಯಾಗರ್‌ಬೋರ್ಡ್. ಗಾಳಿ ಪಕ್ಕದಿಂದ ಹೊಡೆದ್ರೆ ದೋಣಿ ಪಕ್ಕಕ್ಕೆ ಜಾರದ ಹಾಗೆ ಹಿಡಿಯೋದು ಇದೇ. ಮೇಲಕ್ಕೆ ಎಳ್ಕೊಂಡ್ರೆ ಮೊಣಕಾಲುದ್ದ ನೀರಿರೋ ದಡಕ್ಕೂ ದೋಣಿ ಹೋಗುತ್ತೆ.

ಉದಾಹರಣೆಗೆ ಮಿರರ್ ಡಿಂಗಿ ತಗೊಳ್ಳಿ. 1960ರ ದಶಕದ ಮೊದಲಲ್ಲಿ ಬ್ರಿಟನ್‌ನಲ್ಲಿ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಸೇರಿ ಮಾಡಿದ ವಿನ್ಯಾಸ, ಪ್ಲೈವುಡ್ ತುಂಡುಗಳನ್ನ ತಾಮ್ರದ ತಂತಿಯಿಂದ ಹೊಲಿದು ಅಂಟು ಹಾಕಿ ಮನೇಲೇ ಕಟ್ಟಿಕೊಳ್ಳೋ ಹಾಗೆ ಮಾಡಿದ್ದು, ಉದ್ದ 3.3 ಮೀಟರ್. ಅದರ ಮಾಸ್ಟ್ ಗಿಡ್ಡ, ಹಾಯಿಯ ಮೇಲ್ಭಾಗ ಇನ್ನೊಂದು ಕೋಲಿನ ಜೊತೆ ಮೇಲೇರುತ್ತೆ, ಹಾಗಾಗಿ ಬಿಚ್ಚಿದ್ರೆ ಎಲ್ಲಾ ಕೋಲುಗಳೂ ದೋಣಿಯೊಳಗೇ ಹಿಡಿಸ್ತವೆ. ಒಳನಾಡಿನ ನೀರಲ್ಲಿ ಇದು ದೊಡ್ಡ ಅನುಕೂಲ. ದೊಡ್ಡ ಹಾಯಿ ಹಡಗುಗಳು ಈ ಕಾಲುವೆಗೆ ಬಂದ್ರೆ ಕ್ರೇನ್ ತರಿಸಿ ಮಾಸ್ಟ್ ಕಳಚಿ ಮೈಮೇಲೆ ಮಲಗಿಸಿಕೊಂಡು, ಎಂಜಿನ್‌ನಲ್ಲಿ ಇಡೀ ದಾರಿ ಕಳೀತಾವೆ, ಯಾಕಂದ್ರೆ ಸೇತುವೆಗಳ ಎತ್ತರ ನೀರಿಂದ ಆರು ಮೀಟರ್ ಆಸುಪಾಸು. ಡಿಂಗಿಯವರು ಬೇಕಾದಾಗ ಹಾಯಿ ಏರಿಸಿ, ಬೇಡವಾದಾಗ ಇಳಿಸಿ, ಹುಟ್ಟು ತಗೊಳ್ತಾರೆ. ಬ್ಯಾಟೋದವರು ಮಾಡ್ತಿದ್ದಿದ್ದೂ ಇದನ್ನೇ ಅಲ್ವಾ. ಎಂಜಿನ್ ದೋಣೀಲಿ ಇದೇ ದಾರಿ ಕಳೆದ್ರೆ ಜಾಗಗಳೇನೋ ಕಾಣ್ತವೆ, ಆದ್ರೆ ಹಳೇ ಜನ ಯಾವ ತಿರುವಲ್ಲಿ ಯಾಕೆ ನಿಂತ್ರು ಅನ್ನೋದು ಮೈಗೆ ಗೊತ್ತಾಗೋಕೆ ಈ ಪುಟ್ಟ ದೋಣೀನೇ ಬೇಕು ಅಂತ ನನ್ನ ಅಭಿಪ್ರಾಯ.

ಗಾಳಿ ಎದುರಿಗೆ ಬಂದ್ರೆ

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲ್ಲ. ಗಾಳಿ ಬರೋ ದಿಕ್ಕಿಗೆ ಹೆಚ್ಚುಕಮ್ಮಿ 45 ಡಿಗ್ರಿ ಓರೆಯಾಗಿ ಹೋಗುತ್ತೆ, ಸ್ವಲ್ಪ ದೂರ ಎಡಕ್ಕೆ, ಆಮೇಲೆ ತಿರುಗಿಸಿ ಬಲಕ್ಕೆ, ಹೀಗೆ ಅಂಕುಡೊಂಕಾಗಿ. ಇದನ್ನ ಟ್ಯಾಕಿಂಗ್ ಅಂತಾರೆ. ಲೆಕ್ಕ ಹಾಕಿದ್ರೆ 10 ಕಿ.ಮೀ. ಮುಂದೆ ಹೋಗೋಕೆ ನೀರಲ್ಲಿ 14 ಕಿ.ಮೀ. ಓಡಬೇಕು. ಸರೋವರದಲ್ಲಿ ಸರಿ, ಜಾಗ ಇರುತ್ತೆ. ನೂರು ಮೀಟರ್ ಅಗಲದ ನದೀಲಿ ಒಂದು ದಡದಿಂದ ಹೊರಟು ಒಂದೆರಡು ನಿಮಿಷಕ್ಕೇ ಇನ್ನೊಂದು ದಡ ಬಂದ್ಬಿಡುತ್ತೆ, ತಿರುಗಿಸೋದೇ ಕೆಲಸ ಆಗುತ್ತೆ, ಪ್ರತಿ ತಿರುವಲ್ಲೂ ವೇಗ ಸಾಯುತ್ತೆ.

ಆ ಸೀಮೇಲಿ ಹೆಚ್ಚಾಗಿ ಬೀಸೋದು ಪಶ್ಚಿಮದ ಗಾಳಿ. ಸ್ಕೆನೆಕ್ಟಡಿಯಿಂದ ಪಶ್ಚಿಮಕ್ಕೆ ಹೊರಟವರಿಗೆ ಅದು ಎದುರುಗಾಳಿ. ಕಣಿವೆ ಇದ್ದ ಕಡೆ ಗಾಳಿ ಕಣಿವೆ ಉದ್ದಕ್ಕೇ ತಿರುಗುತ್ತೆ, ಅಂದ್ರೆ ಒಂದೋ ನಿಮ್ಮ ಮುಖಕ್ಕೆ ಇಲ್ಲಾ ಬೆನ್ನಿಗೆ. ಹಾಗಾಗಿ ಮೋಹಾಕ್‌ನಲ್ಲಿ ಮೇಲಕ್ಕೆ ಹೋಗೋವಾಗ ಹುಟ್ಟು ಹಾಕೋ ದಿನಗಳೇ ಜಾಸ್ತಿ, ಗಂಟೆಗೆ ನಾಲ್ಕು ಕಿ.ಮೀ. ಅಂತ ಇಟ್ಕೊಳ್ಳಿ. ಬೇಸಿಗೇಲಿ ಅಡ್ಡಗಟ್ಟೆಗಳಿಂದ ನೀರು ಬಹುತೇಕ ನಿಂತಿರುತ್ತೆ, ಹರಿವಿನ ಕಾಟ ಕಮ್ಮಿ. ಜೋರು ಮಳೆ ಆದ್ಮೇಲೆ ಮಾತ್ರ ಇಳೀಬೇಡಿ: 2011ರಲ್ಲಿ ಐರೀನ್ ಚಂಡಮಾರುತದ ಪ್ರವಾಹ ಸ್ಕೆನೆಕ್ಟಡಿ ಹತ್ತಿರದ 8, 9, 10ನೇ ಲಾಕ್‌ಗಳ ಸುತ್ತಲಿನ ನೆಲವನ್ನೇ ಕೊಚ್ಕೊಂಡು ಹೋಗಿತ್ತು. ಯೂಟಿಕಾದಿಂದ ಆಚೆಗೆ ಕಾಲುವೆ ನದಿಯಿಂದ ಬೇರೆಯಾಗಿ ನೇರ ತೋಡಿದ ದಾರೀಲಿ ಹೋಗುತ್ತೆ, ಎರಡೂ ಕಡೆ ಮರ, ಅಲ್ಲೂ ಹುಟ್ಟೇ ಗತಿ.

ಲಾಕ್ ಒಳಗೆ ಏನಾಗುತ್ತೆ

ಲಾಕ್ ಅಂದ್ರೆ ಎರಡು ನೀರಿನ ಮಟ್ಟಗಳ ನಡುವೆ ಇರೋ ಒಂದು ಕಾಂಕ್ರೀಟ್ ತೊಟ್ಟಿ, ಎರಡೂ ತುದೀಲಿ ಬಾಗಿಲು. ಮೇಲಕ್ಕೆ ಹೋಗೋ ದೋಣಿ ಕೆಳಗಿನ ಬಾಗಿಲಿಂದ ಒಳಗೆ ಬರುತ್ತೆ, ಬಾಗಿಲು ಮುಚ್ಚುತ್ತೆ, ಮೇಲಿನ ನೀರನ್ನ ಒಳಗಿನ ಸುರಂಗಗಳ ಮೂಲಕ ಬಿಡ್ತಾರೆ, ತೊಟ್ಟಿ ತುಂಬ್ತಾ ದೋಣಿ ಏರುತ್ತೆ, ಮಟ್ಟ ಸಮ ಆದ್ಮೇಲೆ ಮೇಲಿನ ಬಾಗಿಲು ತೆರೆಯುತ್ತೆ. ನೀರು ಮೇಲಿಂದ ಕೆಳಕ್ಕೆ ತಾನಾಗೇ ಹರಿಯೋದ್ರಿಂದ ಎತ್ತೋಕೆ ಪಂಪ್ ಬೇಡ. ಆದ್ರೆ ಪ್ರತಿ ಸಲ ಒಂದು ತೊಟ್ಟಿ ನೀರು ನೆತ್ತಿಯಿಂದ ಕೆಳಗೆ ಹೋಗುತ್ತಲ್ಲ, ಅದನ್ನ ತುಂಬಿಸೋಕೆ ರೋಮ್ ಮೇಲೆ ಡೆಲ್ಟಾ ಮತ್ತು ಹಿಂಕ್ಲಿ ಅನ್ನೋ ಜಲಾಶಯ ಇಟ್ಕೊಂಡಿದ್ದಾರೆ.

ಈ ತೊಟ್ಟಿಗಳು ಸುಮಾರು 100 ಮೀಟರ್ ಉದ್ದ, 13 ಮೀಟರ್‌ಗೂ ಹೆಚ್ಚು ಅಗಲ, ಸರಕು ಬಾರ್ಜ್‌ಗಳಿಗೆ ಅಂತ ಮಾಡಿದ್ದು. ಅದರೊಳಗೆ ಮೂರು ಮೀಟರಿನ ದೋಣಿ ಹೋಗಿ ನಿಂತ್ರೆ ಸುತ್ತ ಬರೀ ಗೋಡೆ. ಲಾಕ್ ತೆರೆಸೋಕೆ ದೋಣಿಯವರು ಬಳಸೋ ವಿಎಚ್‌ಎಫ್ ರೇಡಿಯೋದ 13ನೇ ಚಾನೆಲ್‌ನಲ್ಲಿ ಕರೀಬೇಕು, ಇಲ್ಲಾ ಮೂರು ಸಲ ಹಾರ್ನ್ ಊದ್ಬೇಕು, ಹಸಿರು ದೀಪ ಬಂದ್ಮೇಲೆ ಒಳಗೆ. ಹಾಯಿ ಮೊದಲೇ ಇಳಿಸಿ ಕಟ್ಟಿರಬೇಕು. ಗೋಡೆ ಮೇಲಿಂದ ಹಗ್ಗ, ಕೇಬಲ್ ಇಳಿಬಿಟ್ಟಿರ್ತಾರೆ, ಅದನ್ನ ಕೈಲಿ ಹಿಡ್ಕೊಳ್ಳೋದು, ದೋಣಿಗೆ ಕಟ್ಟೋದು ಮಾತ್ರ ಬೇಡ, ಯಾಕಂದ್ರೆ ನೀರಿನ ಮಟ್ಟ ಬದಲಾದ್ರೆ ಕಟ್ಟಿದ ದೋಣಿ ಒಂದೋ ನೇತಾಡುತ್ತೆ ಇಲ್ಲಾ ಮುಳುಗುತ್ತೆ. ಹಗ್ಗ ಪಾಚಿ ಹಿಡಿದು ಜಾರುತ್ತೆ, ಗ್ಲೌಸ್ ಹಾಕ್ಕೊಳ್ಳಿ. ನೀರು ತುಂಬೋವಾಗ ಸುಳಿ ಏಳುತ್ತೆ, ಸಣ್ಣ ದೋಣಿ ತಿರುಗೋಕೆ ನೋಡುತ್ತೆ, ಹುಟ್ಟಿನ ಹಿಡಿಯಿಂದ ಗೋಡೆಗೆ ಒತ್ತಿ ನೇರ ಇಟ್ಕೊಳ್ಳಬೇಕು. ಮೇಲಿನ ಬಾಗಿಲಿನ ಹತ್ತಿರ ಹೋಗ್ಬೇಡಿ, ಹಿಂದೆ ಇರಿ.

ಎಲ್ಲಕ್ಕಿಂತ ದೊಡ್ಡದು ಲಿಟ್ಲ್ ಫಾಲ್ಸ್‌ನ 17ನೇ ಲಾಕ್, ಒಂದೇ ಸಲಕ್ಕೆ 12.3 ಮೀಟರ್ ಏರಿಸುತ್ತೆ. ಅದರ ಕೆಳಗಿನ ಬಾಗಿಲು ಪಕ್ಕಕ್ಕೆ ತೆರೆಯಲ್ಲ, ಇಡೀ ಉಕ್ಕಿನ ಗೋಡೆ ಮೇಲಕ್ಕೆ ಎದ್ದು ನಿಲ್ಲುತ್ತೆ, ಅದರ ಅಡಿಯಿಂದ ಹೋಗೋವಾಗ ತಲೆ ಮೇಲೆ ನೀರು ಸುರಿಯುತ್ತೆ. 1795ರಲ್ಲಿ ಇದೇ ಇಳಿಜಾರನ್ನ ದಾಟಿಸೋಕೆ ಐದು ಲಾಕ್ ಬೇಕಾಗಿತ್ತು, ಅದಕ್ಕೂ ಮುಂಚೆ ಗಾಡಿ. 8ರಿಂದ 20ರವರೆಗೆ 13 ಲಾಕ್ ಏರಿದ್ರೆ ರೋಮ್, ಅಲ್ಲಿಂದ 21 ಮತ್ತು 22ನೇ ಲಾಕ್‌ನಲ್ಲಿ ಇಳಿಯೋದು. 22ರ ಆಚೆ ಒನೈಡಾ ಸರೋವರದ ಮಟ್ಟ. ಹಳಬರ ವುಡ್ ಕ್ರೀಕ್ ಪಕ್ಕದಲ್ಲೇ ಈಗಲೂ ಸುತ್ತಿ ಸುತ್ತಿ ಹರೀತಿದೆ.

ಒನೈಡಾ ಸರೋವರ: ನಿಜವಾದ ಪರೀಕ್ಷೆ ಇಲ್ಲಿ

ಸಿಲ್ವನ್ ಬೀಚ್‌ನಿಂದ ಬ್ರೂವರ್ಟನ್‌ವರೆಗೆ ಸುಮಾರು 33 ಕಿ.ಮೀ. ಉದ್ದ, ಪೂರ್ವ-ಪಶ್ಚಿಮವಾಗಿ ಮಲಗಿರೋ ಸರೋವರ, ಸರಾಸರಿ ಆಳ ಏಳು ಮೀಟರೂ ಇಲ್ಲ. ಆಳ ಕಮ್ಮಿ ಅಂದ್ರೆ ಸುರಕ್ಷಿತ ಅನ್ಕೋಬೇಡಿ. ಪಶ್ಚಿಮದ ಗಾಳಿ 30 ಕಿಲೋಮೀಟರ್ ತಡೆಯಿಲ್ಲದೆ ನೀರನ್ನ ತಳ್ಕೊಂಡು ಬರುತ್ತೆ, ಆಳ ಇಲ್ಲದ ನೀರಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಬರ್ತವೆ. ತೆರೆದ ದೋಣಿಗೆ ಉದ್ದ ಅಲೆಗಿಂತ ಇದೇ ಅಪಾಯ, ಒಂದರಿಂದ ಚೇತರಿಸಿಕೊಳ್ಳೋ ಮೊದಲೇ ಇನ್ನೊಂದು ಒಳಗೆ ಬೀಳುತ್ತೆ. ಸಿಲ್ವನ್ ಬೀಚ್ ಇರೋದು ಪೂರ್ವ ತುದೀಲಿ, ಅಲೆ ಎಲ್ಲಾ ಬಂದು ರಾಶಿ ಬೀಳೋ ಜಾಗದಲ್ಲಿ.

ಎದುರುಗಾಳಿಯಲ್ಲಿ 33 ಕಿ.ಮೀ. ದಾಟೋಕೆ ಟ್ಯಾಕಿಂಗ್ ಲೆಕ್ಕದಲ್ಲಿ ಸುಮಾರು 46 ಕಿ.ಮೀ. ಓಡಬೇಕು. ಗಂಟೆಗೆ ಐದು ಕಿ.ಮೀ. ಸಿಕ್ಕಿದ್ರೂ ಒಂಬತ್ತು ಗಂಟೆ ದಾಟುತ್ತೆ. ಅದಕ್ಕೇ ಬೆಳಗಿನ ಜಾವ ಗಾಳಿ ಏಳೋ ಮೊದಲೇ ಹೊರಡೋದು, ದಡ ಬಿಟ್ಟು ದೂರ ಹೋಗದೇ ಇರೋದು, ಎರಡು ದಿನಕ್ಕೆ ಹಂಚ್ಕೊಳ್ಳೋದು, ಹವಾಮಾನ ಕೆಟ್ರೆ ಒಂದು ದಿನ ಸುಮ್ನೆ ಕೂರೋದು. ಬ್ಯಾಟೋದವರೂ ಗಾಳಿಗೆ ಕಾದು ಕೂರ್ತಿದ್ರು. ಗಾಳಿ ವಾಯವ್ಯದಿಂದ ಇದ್ರೆ ಉತ್ತರ ದಡ ಮರೆ ಕೊಡುತ್ತೆ, ಆದ್ರೆ ಆ ಕಡೆ ನೀರಡಿ ಬಂಡೆಗಳಿವೆ, ಚಾರ್ಟ್, ಅಂದ್ರೆ ನೀರಿನ ನಕ್ಷೆ ನೋಡ್ಕೊಂಡೇ ಹೋಗ್ಬೇಕು. ಲೈಫ್ ಜಾಕೆಟ್ ಬಿಚ್ಚಲೇಬಾರದು. ನ್ಯೂಯಾರ್ಕ್ ಕಾನೂನಿನ ಪ್ರಕಾರ ನವೆಂಬರ್ 1ರಿಂದ ಮೇ 1ರವರೆಗೆ 21 ಅಡಿಗಿಂತ ಸಣ್ಣ ದೋಣೀಲಿ ಎಲ್ಲರೂ ಹಾಕಿರಲೇಬೇಕು, ಉಳಿದ ಕಾಲದಲ್ಲೂ ಡಿಂಗಿಯವರು ಹಾಕ್ಕೊಂಡೇ ಇರಿ.

ಯಾವ ಕಡೆಯಿಂದ ಹೊರಡೋದು

ಬ್ರೂವರ್ಟನ್ ಆದ್ಮೇಲೆ 23ನೇ ಲಾಕ್, ಆಮೇಲೆ ತ್ರೀ ರಿವರ್ಸ್. ಅಲ್ಲಿ ಒನೈಡಾ ಮತ್ತು ಸೆನೆಕಾ ನದಿಗಳು ಕೂಡಿ ಆಸ್ವೀಗೋ ಆಗುತ್ತೆ. ಅಲ್ಲಿಂದ ಒಂಟಾರಿಯೋ ಸರೋವರಕ್ಕೆ 38 ಕಿ.ಮೀ., ಏಳು ಲಾಕ್, 36 ಮೀಟರ್ ಇಳಿತ. ಇಲ್ಲಿ ಲಾಕ್ ನಂಬರು ಮತ್ತೆ 1ರಿಂದ ಶುರು, 8ರವರೆಗೆ ಇದ್ರೂ 4 ಅನ್ನೋದು ಇಲ್ಲ. ಫುಲ್ಟನ್ ಊರಲ್ಲಿ ಹಳಬರು ಜಲಪಾತ ತಪ್ಪಿಸೋಕೆ ಮತ್ತೆ ದೋಣಿ ಹೊರ್ತಿದ್ರು, ಈಗ ಲಾಕ್‌ಗಳಿವೆ. ಕೊನೇ ಮೂರು ಲಾಕ್ ಆಸ್ವೀಗೋ ಪಟ್ಟಣದೊಳಗೇ ಬರುತ್ತೆ. ಬ್ಯಾಟೋದವರು ಅಲ್ಲಿ ಸರಕನ್ನ ದೊಡ್ಡ ಹಡಗಿಗೆ ಹಾಕಿ ತಿರುಗ್ತಿದ್ರು, ಡಿಂಗಿಯವರೂ ಬಂದರಿನ ತಡೆಗೋಡೆಯೊಳಗೇ ನಿಲ್ಲಬೇಕು, ಆಚೆಗಿರೋದು 300 ಕಿಲೋಮೀಟರ್ ಉದ್ದದ ಸರೋವರ.

ಎಷ್ಟು ದಿನ ಬೇಕು ಅಂದ್ರೆ ದಿನಕ್ಕೆ 20-25 ಕಿ.ಮೀ. ಲೆಕ್ಕದಲ್ಲಿ ಎರಡು ವಾರ ಇಟ್ಕೊಳ್ಳಿ, ಸರೋವರದಲ್ಲಿ ಕಾಯೋ ದಿನವೂ ಅದರಲ್ಲೇ ಬರುತ್ತೆ. ಕಾಲುವೆ ತೆರೆದಿರೋದು ಮೇ ತಿಂಗಳ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ಚಳಿಗಾಲದಲ್ಲಿ ಮೋಹಾಕ್‌ನ ಅಡ್ಡಗಟ್ಟೆಗಳ ಗೇಟುಗಳನ್ನೇ ಮೇಲಕ್ಕೆತ್ತಿ ನದಿಯನ್ನ ಬಿಟ್ಟುಬಿಡ್ತಾರೆ.

ಇಷ್ಟೆಲ್ಲಾ ಹೇಳಿದ್ದು ಪೂರ್ವದಿಂದ ಪಶ್ಚಿಮಕ್ಕೆ, ಯಾಕಂದ್ರೆ ಕಥೆ ಅರ್ಥ ಆಗೋದು ಆ ದಿಕ್ಕಲ್ಲಿ. ಹೊರಡೋರಿಗೆ ನಾನು ಹೇಳೋದು ಮಾತ್ರ ಉಲ್ಟಾ: ಆಸ್ವೀಗೋದಿಂದ ಶುರು ಮಾಡಿ. ಮೊದಲು ಆಸ್ವೀಗೋ ನದಿ, ಆಮೇಲೆ ಒನೈಡಾ ನದೀಲಿ ಹರಿವಿಗೆ ಎದುರಾಗಿ ಹುಟ್ಟು ಹಾಕೋ ಕಷ್ಟ ಇದೆ, ಅದೊಂದು ಮುಗಿದ್ರೆ ಒನೈಡಾ ಸರೋವರದಲ್ಲಿ ಪಶ್ಚಿಮದ ಗಾಳಿ ಬೆನ್ನಿಗಿರುತ್ತೆ, ಹದವಾದ ಗಾಳೀಲಿ ಗಂಟೆಗೆ ಆರೇಳು ಕಿಲೋಮೀಟರ್ ಸಿಕ್ಕಿದ್ರೆ ಇಡೀ ಸರೋವರ ಒಂದೇ ದಿನದಲ್ಲಿ ದಾಟ್ಬಹುದು. ರೋಮ್ ದಾಟಿದ ಮೇಲೆ ಮೋಹಾಕ್ ಕೂಡ ನಿಮ್ಮ ಕಡೆಗೇ ಹರಿಯುತ್ತೆ. ತುಪ್ಪಳದ ಕಟ್ಟು ತುಂಬಿಕೊಂಡು ಒಳನಾಡಿಂದ ವಾಪಸ್ ಬರ್ತಿದ್ದ ಬ್ಯಾಟೋಗಳೂ ಇದೇ ದಿಕ್ಕಲ್ಲೇ ಬರ್ತಿದ್ವು, ಹಾಗಾಗಿ ಹಳೇ ದಾರಿ ಹಿಡಿದ ಲೆಕ್ಕವೂ ತಪ್ಪಲ್ಲ.